ಕೂಡುವ ಮೊದಲು ಜಾಗ ನೋಡು

ಗಂಗಾವತಿ

ಚಿರಂಜೀವಿ ಅಳಿಯನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ನೀನು ಕಳಿಸಿದ ಸಿ ಪ್ರೋಗ್ರಾಮನ್ನು ಎರಡು ಸಲ ಓದಿದೆ. ಅಚ್ಚುಕಟ್ಟಾಗಿದೆ. ಆದರೆ ಎ ಮತ್ತು ಬಿ ಎಂಬ ಪೂರ್ಣಾಂಕಗಳನ್ನು ಮೊದಲು ಕೂಡಿ, ಬಂದ ಮೊತ್ತವು ಎ ಗಿಂತ ಚಿಕ್ಕದಾಗಿದ್ದರೆ ಓವರ್‌ಫ್ಲೋ ಆಯಿತೆಂದು, ಅಂದರೆ ಮೊತ್ತ ಅದಕ್ಕಿಟ್ಟ ಜಾಗದ ಮಿತಿ ಮೀರಿತೆಂದು, ತೀರ್ಮಾನಿಸುವ ಸಾಲೊಂದು ಅದರಲ್ಲಿದೆ. ಅದೇ ಸಾಲನ್ನು ನಾನೂ ಒಂದು ಕಾಲಕ್ಕೆ ಬರೆದು ಪೆಟ್ಟು ತಿಂದವನಾದ್ದರಿಂದ ಈ ಪತ್ರ.

ಆಗ ಇಲ್ಲಿಯ ಅಕ್ಕಿ ಗಿರಣಿಯೊಂದಕ್ಕೆ ಕಿರ್ದಿ, ಖಾತೆಗಳ ಲೆಕ್ಕ ಬರೆದುಕೊಟ್ಟಿದ್ದೆ. ದಶಮಾಂಶದ ತಂಟೆ ಬೇಡವೆಂದು ಹಣವನ್ನೆಲ್ಲ ಪೈಸೆಯಲ್ಲಿ, 32 ಬಿಟ್‌ಗಳ ಪೂರ್ಣಾಂಕದಲ್ಲಿ ಇಟ್ಟಿದ್ದೆ. ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 2147483647. ಪೈಸೆಯೆಂದು ಓದಿದರೆ 2,14,74,836 ರೂಪಾಯಿ 47 ಪೈಸೆ. ಸುಗ್ಗಿಯಲ್ಲಿ ಭತ್ತದ ಖರೀದಿ 2 ಕೋಟಿ 10 ಲಕ್ಷ ಮುಟ್ಟಿತ್ತು. ಅದರ ಮೇಲೆ 9 ಲಕ್ಷ 80 ಸಾವಿರದ ಇನ್ನೊಂದು ಬಾಬತ್ತು ಸೇರಿದ ಕೂಡಲೇ ಮೊತ್ತ ಮಿತಿ ಮೀರಿ, ಋಣದ ತುದಿಗೆ ಸುತ್ತಿಕೊಂಡು, ಪರದೆಯ ಮೇಲೆ ಋಣ 2,09,69,672 ರೂಪಾಯಿ 96 ಪೈಸೆ ಎಂದು ಮೂಡಿತು. ಭತ್ತ ಕೊಂಡಿದ್ದೇನೋ, ಸಾಲ ಮಾಡಿದ್ದೇನೋ ಎಂದು ಮಾಲೀಕರು ಕೇಳಿದ್ದು ಈಗಲೂ ಕಿವಿಯಲ್ಲಿದೆ.

ಆಗ ನಾನು ಹಾಕಿದ ತೇಪೆಯೇ ನಿನ್ನ ಈಗಿನ ಸಾಲು. ಕೆಲವು ವರ್ಷ ಅದು ನಡೆಯಿತು. ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರನ್ನು ಹೊಸದಕ್ಕೆ ಬದಲಾಯಿಸಿ, ವೇಗ ಹೆಚ್ಚಿಸುವ ಆಯ್ಕೆಯನ್ನು ಕೊಟ್ಟ ದಿನದಿಂದ ಆ ಪರೀಕ್ಷೆ ಮೌನವಾಯಿತು. ಸಿ ಭಾಷೆಯ ನಿಯಮದಂತೆ ಚಿಹ್ನೆಯುಳ್ಳ, ಅಂದರೆ ಧನ, ಋಣ ಎರಡನ್ನೂ ಹಿಡಿಸುವ, ಪೂರ್ಣಾಂಕ ಮಿತಿ ಮೀರಿದರೆ ಏನಾಗಬೇಕೆಂಬುದು ನಿರ್ಧಾರವಾಗಿಲ್ಲ. ಹಾಗಾಗಿ ಮಿತಿ ಮೀರುವುದೇ ಇಲ್ಲವೆಂದು ನಂಬಿಕೊಳ್ಳುವ ಸ್ವಾತಂತ್ರ್ಯ ಕಂಪೈಲರ್‌ಗೆ ಇದೆ. ಮೊತ್ತವು ಎ ಗಿಂತ ಕಡಿಮೆಯೇ ಎಂಬ ನಿನ್ನ ಪ್ರಶ್ನೆಯನ್ನು ಅದು ಬಿ ಋಣಸಂಖ್ಯೆಯೇ ಎಂಬ ಪ್ರಶ್ನೆಯಾಗಿ ಬದಲಿಸಿಬಿಡುತ್ತದೆ. ಖರೀದಿಯ ಮೊತ್ತ ಎಂದಾದರೂ ಋಣವಾದೀತೇ?

ನಮ್ಮ ಹಿರಿಯರು ಹಗೇವಿನಲ್ಲಿ ಎಷ್ಟು ಜಾಗ ಉಳಿದಿದೆಯೆಂದು ನೋಡಿಕೊಂಡು ಜೋಳದ ಚೀಲ ಬಿಚ್ಚುತ್ತಿದ್ದರು. ನೀನೂ ಹಾಗೆಯೇ ಮಾಡು. ಬಿ ಧನಸಂಖ್ಯೆಯಾಗಿದ್ದರೆ, ಗರಿಷ್ಠ ಮಿತಿಯಲ್ಲಿ ಬಿ ಕಳೆದು, ಉಳಿದದ್ದಕ್ಕಿಂತ ಎ ದೊಡ್ಡದೇ ಎಂದು ಕೇಳು, ದೊಡ್ಡದಾದರೆ ಕೂಡಬೇಡ. ಬಿ ಋಣವಾಗಿದ್ದರೆ, ಕನಿಷ್ಠ ಮಿತಿಯಲ್ಲಿ ಬಿ ಕಳೆದು, ಬಂದದ್ದಕ್ಕಿಂತ ಎ ಚಿಕ್ಕದೇ ಎಂದು ಕೇಳು. ಈ ಎರಡು ಕಳೆಯುವಿಕೆಗಳೂ ಎಂದೂ ಮಿತಿ ಮೀರುವುದಿಲ್ಲ. ಈ ಉಪಾಯದ ಸೊಗಸು ಇರುವುದೇ ಅಲ್ಲಿ. ಚಿಹ್ನೆಯಿಲ್ಲದ ಪೂರ್ಣಾಂಕವಾದರೆ ಮಾತ್ರ ನಿನ್ನ ಹಳೆಯ ಸಾಲು ಸರಿ, ಏಕೆಂದರೆ ಅದು ಸೊನ್ನೆಯಿಂದ ಮತ್ತೆ ಸುತ್ತುತ್ತದೆಯೆಂದು ನಿಯಮವೇ ಹೇಳುತ್ತದೆ. ಮಿತಿ ನೋಡಿಕೊಂಡು ಕೂಡುವ ಸಿದ್ಧ ಸಾಧನ ಬೇರೆ ಭಾಷೆಗಳಲ್ಲಿದೆ: ಜಾವಾದಲ್ಲಿ 8ನೇ ಆವೃತ್ತಿಯಿಂದ ಮ್ಯಾಥ್ ಡಾಟ್ ಆ್ಯಡ್‌ಎಕ್ಸಾಕ್ಟ್ ಇದೆ, ರಸ್ಟ್‌ನಲ್ಲಿ ಚೆಕ್ಡ್ ಆ್ಯಡ್ ಇದೆ. ಅಲ್ಲಿ ಕೈಯಾರೆ ಬರೆಯುವ ಹಟ ಬೇಡ.

64 ಬಿಟ್‌ಗಳಿಗೆ ಬದಲಾಯಿಸಿದರೆ ಮುಗಿಯಿತೆಂದು ನಿನ್ನ ಗೆಳೆಯರು ಹೇಳಿರಬಹುದು. ಮೊತ್ತವನ್ನು ಇಡುವ ಪಾತ್ರೆಯನ್ನಷ್ಟೇ ದೊಡ್ಡದು ಮಾಡಿ, ಎ ಮತ್ತು ಬಿ ಗಳನ್ನು 32 ಬಿಟ್‌ಗಳಲ್ಲೇ ಬಿಟ್ಟರೆ, ಕೂಡುವಿಕೆ ಸಣ್ಣ ಅಳತೆಯಲ್ಲಿ ನಡೆದು, ಕೆಟ್ಟ ಮೊತ್ತವೇ ದೊಡ್ಡ ಪಾತ್ರೆಗೆ ಬಂದು ಬೀಳುತ್ತದೆ. ಕೂಡುವ ಮೊದಲೇ ಒಂದನ್ನಾದರೂ 64 ಬಿಟ್‌ಗಳಿಗೆ ಹಿಗ್ಗಿಸಬೇಕು. ಈ ತಪ್ಪು ನಿನ್ನ ಮೂರನೆಯ ಫೈಲಿನಲ್ಲಿದೆ, ನೋಡು.

ತಿದ್ದಿದ ಮೇಲೆ ಮೂರು ಪರೀಕ್ಷೆ ನಡೆಸಿ ಫಲಿತಾಂಶ ಕಳಿಸು: 2147483647 ಕ್ಕೆ 1 ಕೂಡಿದಾಗ ತಡೆಯಬೇಕು, ಋಣ 2147483648 ಕ್ಕೆ ಋಣ 1 ಕೂಡಿದಾಗಲೂ ತಡೆಯಬೇಕು, 2147483647 ಕ್ಕೆ ಸೊನ್ನೆ ಕೂಡಿದಾಗ ಮಾತ್ರ ಸುಮ್ಮನೆ ಬಿಡಬೇಕು. ಅಕ್ಕನಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಸೋದರಮಾವ