ಇನ್‌ಚಾರ್ಜ್ ಸಿಸ್ಟರ್ ಆದ ಪುಟ್ಟಿಗೆ

ಪ್ರೀತಿಯ ಪುಟ್ಟಿಗೆ,

ದೊಡ್ಡಮ್ಮನ ಆಶೀರ್ವಾದ. ನೀನು ಆಪರೇಷನ್ ಆದವರನ್ನು ನೋಡಿಕೊಳ್ಳುವ ಪೋಸ್ಟ್ ಆಪ್ ವಾರ್ಡಿಗೆ ಇನ್‌ಚಾರ್ಜ್ ಆದ ಸುದ್ದಿಯನ್ನು ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ತುಂಬಾ ಖುಷಿಯಾಯಿತು. ಆಮೇಲೆ ನಿನ್ನ ಮೆಸೇಜ್ ಓದಿದೆ. "ನಾನು ಹತ್ತಿರ ಬಂದರೆ ಎಲ್ಲರ ಮಾತು ನಿಲ್ಲುತ್ತದೆ ದೊಡ್ಡಮ್ಮ, ಯಾರೂ ಏನೂ ಹೇಳುವುದಿಲ್ಲ" ಅಂತ ಬರೆದಿದ್ದೀಯ. ಇದಕ್ಕೆ ಎರಡು ಸಾಲಿನ ಉತ್ತರ ಸಾಲದು ಅನ್ನಿಸಿ ಕೂತು ಬರೆಯುತ್ತಿದ್ದೇನೆ.

ಮಾತು ನಿಲ್ಲುವುದು ಸಹಜ, ಬೇಜಾರು ಮಾಡಿಕೊಳ್ಳಬೇಡ. ಮೊನ್ನೆವರೆಗೂ ಅವರ ಜೊತೆ ಊಟದ ಡಬ್ಬಿ ಹಂಚಿಕೊಂಡವಳು ನೀನು. ಈಗ ಅವರ ರಜೆ, ನೈಟ್ ಡ್ಯೂಟಿ ಎಲ್ಲ ನಿನ್ನ ಪೆನ್ನಿನ ತುದಿಯಲ್ಲಿದೆ. ಗುತ್ತಿಗೆ ಮೇಲೆ ಬಂದ ಹುಡುಗಿಯರಿಗಂತೂ ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಅನ್ನುವ ಭಯ. ಆದರೆ ಇದನ್ನು ಹಾಗೇ ಬಿಡಬೇಡ. ಗಲಾಟೆಯಿಲ್ಲದ ವಾರ್ಡ್ ಅಂತ ಮೇಲಿನವರು ನಿನ್ನನ್ನು ಹೊಗಳುತ್ತಾರೆ. ಆ ಹೊಗಳಿಕೆಯನ್ನು ನಂಬಬೇಡ.

ಏಮಿ ಎಡ್ಮಂಡ್ಸನ್ ಅಂತ ಹಾರ್ವರ್ಡ್‌ನ ಒಬ್ಬ ಸಂಶೋಧಕಿ ಇದ್ದಾರೆ. 1990ರ ದಶಕದಲ್ಲಿ ಅವರು ಅಮೆರಿಕದ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳ ಬಗ್ಗೆ ಅಧ್ಯಯನ ಮಾಡಿದರು. ಒಗ್ಗಟ್ಟಿರುವ, ಒಳ್ಳೆಯ ಮುಖ್ಯಸ್ಥರಿರುವ ವಾರ್ಡುಗಳಲ್ಲಿ ತಪ್ಪು ಕಡಿಮೆ ಇರುತ್ತದೆ ಅಂತ ಅವರು ಅಂದುಕೊಂಡಿದ್ದರು. ಲೆಕ್ಕ ತೆಗೆದರೆ ಉಲ್ಟಾ ಬಂತು. ಒಳ್ಳೆಯ ವಾರ್ಡುಗಳಲ್ಲೇ ತಪ್ಪು ಜಾಸ್ತಿ! ಕೆದಕಿ ನೋಡಿದಾಗ ಕಾರಣ ಸಿಕ್ಕಿತು. ಅಲ್ಲಿನ ನರ್ಸುಗಳು ತಪ್ಪಾದರೆ ಬಾಯಿಬಿಟ್ಟು ಹೇಳುತ್ತಿದ್ದರು. ಬೇರೆ ಕಡೆ ಹೆದರಿ ಸುಮ್ಮನಿರುತ್ತಿದ್ದರು. 1996ರಲ್ಲಿ ಇದು ಪ್ರಕಟವಾಯಿತು. ತಪ್ಪು, ಅವಘಡ ಬರೆದಿಡುವ ನಿನ್ನ ಇನ್ಸಿಡೆಂಟ್ ರಿಜಿಸ್ಟರ್ ತಿಂಗಳುಗಟ್ಟಲೆ ಖಾಲಿ ಇದ್ದರೆ ಇದನ್ನು ನೆನಪು ಮಾಡಿಕೊ.

ನಮ್ಮೂರಿನದೇ ಒಂದು ವಿಷಯ ಹೇಳಲೇಬೇಕು. 2010ರ ಮೇ 22ರ ಬೆಳಿಗ್ಗೆ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಲ್ಲಿ ದುಬೈಯಿಂದ ಬಂದ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿತ್ತಲ್ಲ, 166 ಜನರಲ್ಲಿ 158 ಮಂದಿ ತೀರಿಕೊಂಡರು. ಈ ಕಡೆಯವರು ಅದನ್ನು ಮರೆಯುವುದುಂಟೇ? ಇಳಿಯುವಾಗ ವಿಮಾನ ಇರಬೇಕಾದ್ದಕ್ಕಿಂತ ಬಹಳ ಮೇಲಿತ್ತು. ಜೊತೆಗಿದ್ದ ಪೈಲಟ್ 'ಗೋ ಅರೌಂಡ್', ಅಂದರೆ ಇಳಿಸುವುದು ಬೇಡ, ಮತ್ತೆ ಮೇಲೇರೋಣ ಅಂತ ಮೂರು ಸಲ ಹೇಳಿದ್ದರು. ಕ್ಯಾಪ್ಟನ್ ಇಳಿಸುವುದನ್ನು ನಿಲ್ಲಿಸಲಿಲ್ಲ. ದಾರಿಯಲ್ಲಿ ಅವರು ಬಹಳ ಹೊತ್ತು ನಿದ್ದೆ ಮಾಡಿದ್ದರು, ಆ ಮಂಪರು ಪೂರ್ತಿ ಬಿಟ್ಟಿರಲಿಲ್ಲವೇನೋ ಅಂತಲೂ ತನಿಖಾ ವರದಿ ಹೇಳಿತು. ಸರಿಯಾದ ಮಾತು ಆ ಕಾಕ್‌ಪಿಟ್‌ನಲ್ಲೇ ಇತ್ತು ಪುಟ್ಟಿ. ಅದು ಕೇಳಬೇಕಾದವರ ಒಳಗೆ ಇಳಿಯಲಿಲ್ಲ. ನೈಟ್ ಮುಗಿಸಿ ನಿಂತವರ ತಲೆ ಹೇಗಿರುತ್ತದೆ ಅಂತ ನಿನಗೆ ನಾನು ಹೇಳಬೇಕಾಗಿಲ್ಲ.

ಈಗ ನಿನ್ನ ವಾರ್ಡಿಗೆ ಬರುತ್ತೇನೆ. ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ನಮ್ಮ ಇನ್‌ಚಾರ್ಜ್ ಆಗಿದ್ದವರೊಬ್ಬರು ಹೇಗೆ ನಡೆದುಕೊಂಡರು ಅನ್ನುವುದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಬೆಳಿಗ್ಗೆ ಹ್ಯಾಂಡ್‌ಓವರ್‌ಗೆ, ಅಂದರೆ ಮುಂದಿನ ಡ್ಯೂಟಿಯವರಿಗೆ ರೋಗಿಗಳ ವಿವರ ಒಪ್ಪಿಸುವುದಕ್ಕೆ, ಇನ್ನೂ ಸ್ವಲ್ಪ ಹೊತ್ತಿತ್ತು. ನೈಟ್ ಡ್ಯೂಟಿಯ ಹುಡುಗಿ ಬಂದು ಮೇಜಿನ ಪಕ್ಕ ನಿಂತಳು. ಮುಷ್ಟಿಯಲ್ಲಿ ಸಿರಿಂಜಿನ ಕೆಂಪು ಕ್ಯಾಪ್ ಗಟ್ಟಿಯಾಗಿ ಹಿಡಿದಿದ್ದಳು. ಒಂದು ಎಂಎಲ್‌ಗೆ 100 ಯೂನಿಟ್ ಇರುವ ಇನ್ಸುಲಿನ್ ಅನ್ನು, ಎಂಎಲ್‌ಗೆ 40 ಯೂನಿಟ್ ಇರುವ ಇನ್ಸುಲಿನ್‌ಗೆ ಗುರುತು ಹಾಕಿದ ಸಿರಿಂಜಿನಲ್ಲಿ ಎಳೆದುಬಿಟ್ಟಿದ್ದಳು. 10 ಯೂನಿಟ್ ಅಂತ ಕೊಟ್ಟದ್ದು ರೋಗಿಗೆ 25 ಯೂನಿಟ್ ಹೋಗಿತ್ತು. ನಮ್ಮ ಸಿಸ್ಟರ್ ಮುಖ ಕೆಂಪಾದದ್ದು ನಾನು ನೋಡಿದೆ. ಪೆನ್ ಕೆಳಗಿಟ್ಟರು. ಒಂದು ಉಸಿರು ತೆಗೆದುಕೊಂಡರು. ಆಮೇಲೆ ಕೇಳಿದ್ದು ಒಂದೇ ಮಾತು: "ಪೇಷಂಟ್ ಈಗ ಹೇಗಿದ್ದಾರೆ?"

ಅಲ್ಲಿಂದ ಕೆಲಸ ಓಡಿತು. ಜಿಆರ್‌ಬಿಎಸ್, ಅಂದರೆ ರಕ್ತದ ಶುಗರ್, ನೋಡಿದರು, ಡ್ಯೂಟಿ ಡಾಕ್ಟರನ್ನು ಕರೆಸಿದರು, ಶುಗರ್ ಇಳಿದರೆ ಕೊಡಲು ಡೆಕ್ಸ್ಟ್ರೋಸ್ ಹತ್ತಿರ ಇಟ್ಟುಕೊಂಡರು, ಗಂಟೆಗೊಮ್ಮೆ ಶುಗರ್ ನೋಡಲು ಒಬ್ಬರನ್ನು ಹಾಕಿದರು. ರೋಗಿಗೆ ಏನೂ ಆಗಲಿಲ್ಲ. ಮಧ್ಯಾಹ್ನ ಆ ಹುಡುಗಿಯನ್ನು ಒಬ್ಬಳನ್ನೇ ಕೂರಿಸಿಕೊಂಡು ನಡೆದದ್ದನ್ನೆಲ್ಲ ಬರೆಸಿದರು. ಎರಡೂ ಬಗೆಯ ಸಿರಿಂಜ್ ಒಂದೇ ಟ್ರೇಯಲ್ಲಿ ಇದ್ದದ್ದು ಆಗ ಹೊರಗೆ ಬಂತು. ಅವತ್ತೇ ಟ್ರೇ ಬೇರೆ ಮಾಡಿದರು. ಮೊದಲ ಮಾತೇ "ಕಣ್ಣು ಎಲ್ಲಿತ್ತು ನಿಂಗೆ?" ಅಂತ ಆಗಿದ್ದರೆ, ಮುಂದಿನ ಸಲ ಇನ್ನೊಬ್ಬಳು ಕೆಂಪು ಕ್ಯಾಪನ್ನು ಕಸದ ಡಬ್ಬಿಗೆ ಹಾಕಿ ಸುಮ್ನೆ ಮನೆಗೆ ಹೋಗುತ್ತಿದ್ದಳು. ಆಗ ರೋಗಿಯ ಗತಿ?

ನಾನು ನಿನಗೆ ಹೇಳಬೇಕು ಅಂದುಕೊಂಡದ್ದು ಇಷ್ಟೇ. ಕೆಟ್ಟ ಸುದ್ದಿ ಕಿವಿಗೆ ಬಿದ್ದ ಆ ಒಂದು ಕ್ಷಣ ಇದೆಯಲ್ಲ, ಅದರಲ್ಲಿ ನಿನ್ನ ಮುಖ, ನಿನ್ನ ದನಿ ಹೇಗಿತ್ತು ಅನ್ನುವುದನ್ನು ಇಡೀ ವಾರ್ಡ್ ನೆನಪಿಟ್ಟುಕೊಳ್ಳುತ್ತದೆ. ಮುಂದಿನ ಸುದ್ದಿ ನಿನಗೆ ಬರುತ್ತದೋ ಇಲ್ಲವೋ ಅಲ್ಲೇ ತೀರ್ಮಾನ ಆಗುತ್ತದೆ.

ಸಿಟ್ಟು ಬರಲೇಬಾರದು ಅಂತ ನಾನು ಹೇಳುವುದಿಲ್ಲ. ಬರುತ್ತದೆ, ಜೀವದ ವಿಷಯ ಅಲ್ವಾ. ಬಂದದ್ದು ಮೊದಲು ನಿನಗೆ ಗೊತ್ತಾಗಲಿ. ನನಗೆ ದವಡೆ ಬಿಗಿಯುತ್ತಿತ್ತು, ಕಿವಿ ಬಿಸಿಯಾಗುತ್ತಿತ್ತು. ನಿನಗೆ ಏನಾಗುತ್ತದೆ ನೋಡಿಕೊ. "ಇದು ಸಿಟ್ಟು", "ಇದು ಭಯ" ಅಂತ ಮನಸ್ಸಿನಲ್ಲೇ ಹೆಸರು ಹೇಳು. ಹೀಗೆ ಹೆಸರಿಟ್ಟರೆ ಮೆದುಳಿನಲ್ಲಿ ಭಯ, ಸಿಟ್ಟು ಎಬ್ಬಿಸುವ ಅಮಿಗ್ಡಲದ ಅಬ್ಬರ ತಗ್ಗುತ್ತದೆ ಅಂತ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 2007ರಲ್ಲಿ ಸ್ಕ್ಯಾನ್ ಮಾಡಿ ತೋರಿಸಿದ್ದಾರೆ. ಹೀಗೆ ಮನಸ್ಸನ್ನು ಗಮನಿಸುವ ಧ್ಯಾನಕ್ಕೆ ಬೇರೆ ಟೈಮ್ ಎಲ್ಲಿಂದ ತರಲಿ ಅಂತ ನೀನು ಕೇಳುತ್ತೀಯ, ಗೊತ್ತು. ಕೈ ಶುದ್ಧಿಯ ಹ್ಯಾಂಡ್ ರಬ್ ಹಾಕಿಕೊಂಡರೆ 20ರಿಂದ 30 ಸೆಕೆಂಡ್ ಉಜ್ಜಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯ ನಿಯಮವೇ ಇದೆ. ಪ್ರತಿ ಬೆಡ್‌ಗೂ ಅದನ್ನು ಮಾಡುತ್ತೀಯ. ಆ ಹೊತ್ತಿನಲ್ಲಿ ಮೊಬೈಲ್ ಬೇಡ, ಮಾತು ಬೇಡ. ಕೈ ನೋಡು, ಉಸಿರು ನೋಡು. ದಿನಕ್ಕೆ ಎಷ್ಟು ಸಲ ಸಿಗುತ್ತದೆ ಲೆಕ್ಕ ಹಾಕು!

ರೌಂಡ್ಸ್‌ನಲ್ಲಿ ಡಾಕ್ಟರ್ ಎಲ್ಲರ ಮುಂದೆ ಬೈದು ಹೋದಮೇಲಂತೂ ಜಾಸ್ತಿ ಎಚ್ಚರ ಬೇಕು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುವುದು ಆಸ್ಪತ್ರೆಗಳಲ್ಲಿ ದಿನವೂ ನಡೆಯುತ್ತದೆ. ಡಾಕ್ಟರ್ ನಿನಗೆ, ನೀನು ಸ್ಟಾಫ್‌ಗೆ, ಸ್ಟಾಫ್ ಆಯಾಗೆ, ಆಯಾ ರೋಗಿಯ ಕಡೆಯವರಿಗೆ. ಆ ಸಾಲು ನಿನ್ನ ಹತ್ತಿರ ನಿಲ್ಲಲಿ.

ಹ್ಯಾಂಡ್‌ಓವರ್ ಬಗ್ಗೆ ಒಂದು ಮಾತು. ಕೇಸ್ ಶೀಟ್ ಓದಿ ಮುಗಿಸಿ ಓಡಬೇಡಿ. ಕೊನೆಗೆ ಕೇಳು: "ಇವತ್ತು ನಿಮಗೆ ಯಾವ ಪೇಷಂಟ್ ಬಗ್ಗೆ ಮನಸ್ಸಿಗೆ ಸಮಾಧಾನ ಇಲ್ಲ?" "ಎಲ್ಲ ಸರಿ ಇದೆಯಾ?" ಅಂತ ಕೇಳಿದರೆ "ಸರಿ ಇದೆ ಸಿಸ್ಟರ್" ಅಂತಲೇ ಬರುತ್ತದೆ. ಕೇಳಿದ ಮೇಲೆ ಸ್ವಲ್ಪ ಕಾಯಬೇಕು. ನೀನೇ ಬಾಯಿ ಹಾಕಬೇಡ. ಆಯಾ, ಗ್ರೂಪ್ ಡಿ ಅವರನ್ನೂ ಹೆಸರು ಹಿಡಿದು ಕೇಳು. ಆಪರೇಷನ್‌ಗೆ ಮೊದಲು ಥಿಯೇಟರಿನಲ್ಲಿ ಎಲ್ಲರೂ ತಮ್ಮ ಹೆಸರು, ಕೆಲಸ ಹೇಳಿಕೊಳ್ಳಬೇಕು ಅಂತ ಸರ್ಜರಿ ಚೆಕ್‌ಲಿಸ್ಟ್‌ನಲ್ಲಿ ಇರುವುದು ಸುಮ್ಮನೆ ಅಲ್ಲ. ಒಮ್ಮೆ ಹೆಸರು ಹೇಳಿದ ಬಾಯಿ ಆಮೇಲೆ ತಪ್ಪು ಕಂಡರೆ ತಡೆಯುವುದಕ್ಕೂ ತೆರೆಯುತ್ತದೆ. ಬೆಡ್‌ಶೀಟ್ ಬದಲಿಸುವವರಿಗೆ ಗೊತ್ತಿರುವಷ್ಟು ನಮ್ಮ ಚಾರ್ಟಿಗೆ ಗೊತ್ತಿರುವುದಿಲ್ಲ. "ಮೂಲೆ ಬೆಡ್ಡಿನ ಅಜ್ಜ ನಿನ್ನೆಯಿಂದ ಯಾರನ್ನೋ ಕರೆಯುತ್ತಾರೆ, ನಮ್ಮನ್ನು ಗುರುತು ಹಿಡಿಯುವುದಿಲ್ಲ" ಅಂತ ಮೊದಲು ಹೇಳುವುದು ಅವರೇ. ಅದು ಸೋಂಕಿನ ಮೊದಲ ಸುಳಿವಾಗಿರಬಹುದು, ರಕ್ತದಲ್ಲಿ ಸೋಡಿಯಂ ಇಳಿದಿರಬಹುದು.

ನೀನು ಹೀಗೆಲ್ಲ ಮೆತ್ತಗಾದರೆ ಸ್ಟಾಫ್ ತಲೆ ಮೇಲೆ ಹತ್ತುತ್ತಾರೆ ಅಂತ ಕೆಲವರು ನಿನಗೆ ಬುದ್ಧಿ ಹೇಳುತ್ತಾರೆ. ಕೇಳಬೇಡ. ಹೇಳದೆ ಕೇಳದೆ ಡ್ಯೂಟಿ ತಪ್ಪಿಸಿದರೆ, ನೋಡದೆಯೇ ಬಿಪಿ ಬರೆದರೆ ಬಿಡಬೇಡ. ಒಬ್ಬರನ್ನೇ ಕರೆದು, ನಡೆದದ್ದನ್ನು ನಡೆದ ಹಾಗೆ ಹೇಳಿ, ಬರಹದಲ್ಲಿ ಇಡು. "ನೀನು ಯಾವಾಗಲೂ ಹೀಗೇ" ಅನ್ನುವ ಮಾತು ಮಾತ್ರ ಬಾಯಿಂದ ಬರಬಾರದು.

ಸದ್ಯಕ್ಕೆ ಮುಂದಿನ ತಿಂಗಳ ಡ್ಯೂಟಿ ಪಟ್ಟಿಯಿಂದಲೇ ಶುರು ಮಾಡು. ಹಾಕುವ ಮೊದಲು ಒಬ್ಬೊಬ್ಬರನ್ನೂ ಕೇಳು, ಯಾರ ಮಗು ಚಿಕ್ಕದು, ಯಾರ ಮನೆಯಲ್ಲಿ ಹುಷಾರಿಲ್ಲ ಅಂತ. ಎಲ್ಲರಿಗೂ ಕೇಳಿದ್ದು ಕೊಡಲು ಆಗುವುದಿಲ್ಲ. ಆಗದಿದ್ದಾಗ ಯಾಕೆ ಆಗಲಿಲ್ಲ ಅಂತ ನೀನೇ ಹೋಗಿ ಹೇಳು. ಪಟ್ಟಿ ಹಾಕಿದ ಮೇಲೆ ಹೇಗಾಯಿತು ಅಂತ ಫೋನ್ ಮಾಡು, ರಾತ್ರಿ ಊಟ ಆದಮೇಲೆ ನಾನು ಎದ್ದೇ ಇರುತ್ತೇನೆ.

ನಿನ್ನ
ದೊಡ್ಡಮ್ಮ