ಎಂಥ ಬಿರುಕಿಗೂ ಒಂದೇ ಇಂಜೆಕ್ಷನ್ನಾ?

ಮಾನ್ಯ ಸಂಪಾದಕರೇ,

ಹೋದ ಭಾನುವಾರ ನಿಮ್ಮ ಪತ್ರಿಕೆ ಬಿಡಿಸಿದಾಗ ಒಳಗಿನಿಂದ ಒಂದು ಹಳದಿ ಚೀಟಿ ಕೆಳಗೆ ಬಿತ್ತು. 'ಬೀಮ್, ಕಾಲಂ, ಗೋಡೆ, ಸ್ಲ್ಯಾಬ್. ಎಂಥ ಬಿರುಕೇ ಇರಲಿ, ಎಪಾಕ್ಸಿ ಇಂಜೆಕ್ಷನ್, ಒಂದೇ ದಿನದಲ್ಲಿ ಖಾತ್ರಿ ಪರಿಹಾರ' ಅಂತ ಅದರಲ್ಲಿತ್ತು. ಚೀಟಿ ನೀವು ಅಚ್ಚು ಹಾಕಿದ್ದಲ್ಲ, ಪೇಪರ್ ಹಾಕುವವರು ನಡುವೆ ಸೇರಿಸಿದ್ದು. ಅದು ನನಗೂ ಗೊತ್ತು. ಆದರೆ ಅದನ್ನು ಓದಿದವರೇ ಈ ಪುಟವನ್ನೂ ಓದುತ್ತಾರೆ. ಹಾಗಾಗಿ ಉತ್ತರ ಇಲ್ಲೇ ಬರಲಿ ಅಂತ ಬರೆಯುತ್ತಿದ್ದೇನೆ.

ಎಪಾಕ್ಸಿ ಅಂದರೆ ಎರಡು ದ್ರವ ಬೆರೆಸಿದರೆ ಕಲ್ಲಿನಂತೆ ಗಟ್ಟಿಯಾಗುವ ಅಂಟು. ಅದನ್ನು ಬಿರುಕಿನೊಳಗೆ ಒತ್ತಿ ತುಂಬುವುದೇ ಇಂಜೆಕ್ಷನ್. ಅದು ಮೋಸ ಅಂತ ನಾನು ಹೇಳುತ್ತಿಲ್ಲ. ನಮ್ಮ ಪಡಸಾಲೆಯ ಬೀಮು ಇವತ್ತು ಗಟ್ಟಿಯಾಗಿರುವುದು ಅದರಿಂದಲೇ. ನನ್ನ ತಕರಾರು 'ಎಂಥ ಬಿರುಕೇ ಇರಲಿ' ಅನ್ನುವ ಮಾತಿನ ಮೇಲೆ. ನಮ್ಮ ಒಂದೇ ಮನೆಯಲ್ಲಿ ಮೂರು ಥರದ ಬಿರುಕು ಬಿದ್ದಿದ್ದವು. ಇಂಜೆಕ್ಷನ್ ಹಿಡಿದದ್ದು ಒಂದಕ್ಕೆ ಮಾತ್ರ. ನಾನು ಇಂಜಿನಿಯರ್ ಅಲ್ಲ, ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಲೆಕ್ಕ ಕಲಿಸಿದವನು. ಅಳೆಯದೆ ಬಿಡುವ ಜಾತಿಯಲ್ಲ, ಅಷ್ಟೇ.

ಮೊದಲು ದುಡ್ಡು ಕಳೆದುಕೊಂಡ ಕತೆ ಹೇಳಿಬಿಡುತ್ತೇನೆ. ಮನೆಯ ಹಿಂದಿನ ಕೋಣೆ ಆಮೇಲೆ ಕಟ್ಟಿಸಿದ್ದು. ಇಟ್ಟಂಗಿ ಗೋಡೆ, ಮೂರೇ ಫೂಟು ಪಾಯ, ಕೆಳಗೆ ಅಪ್ಪಟ ಎರೆ ಮಣ್ಣು. 'ಡೋಣಿ ಬೆಳೆದರೆ ಓಣಿಯೆಲ್ಲ ಜೋಳ' ಅಂತ ಡೋಣಿ ಹೊಳೆ ಸೀಮೆಯ ನಾವು ಹೊಗಳಿಕೊಳ್ಳುವ ಅದೇ ಮಣ್ಣು. ಜೋಳಕ್ಕೆ ಚಲೋ, ಪಾಯಕ್ಕೆ ಅಲ್ಲ. ಮಳೆ ಬಿದ್ದರೆ ನೀರು ಕುಡಿದು ಉಬ್ಬುತ್ತದೆ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಾಯಿ ಬಿಡುತ್ತದೆ. ಹೊಲದಲ್ಲಿ ಇದನ್ನು ನೋಡುತ್ತಲೇ ಬೆಳೆದವನು ನಾನು, ಕೋಣೆ ಕಟ್ಟಿಸುವಾಗ ಮಾತ್ರ ಮರೆತೆ. ಗೋಳಗುಮ್ಮಟ ಕಟ್ಟಿದವರು ಮರೆತಿರಲಿಲ್ಲ. ಅವರು ಪಾಯವನ್ನು ಬಂಡೆಯ ಮೇಲೇ ಕೂರಿಸಿದ್ದಾರೆ.

ಆ ಕೋಣೆಯ ಕಿಟಕಿ ಮೂಲೆಯಿಂದ ಒಂದು ಬಿರುಕು ಮೆಟ್ಟಿಲು ಹತ್ತಿದ ಹಾಗೆ ಓರೆಯಾಗಿ ಮೇಲಕ್ಕೆ ಹೋಗಿತ್ತು. ಮೇ ತಿಂಗಳಲ್ಲಿ ಅದರೊಳಗೆ ನಾಣ್ಯ ತೂರುತ್ತಿತ್ತು. ಗುತ್ತಿಗೆದಾರನೊಬ್ಬ ಬಂದ, ಎಪಾಕ್ಸಿ ತುಂಬಿದ, ಮೇಲೆ ಪುಟ್ಟಿ ಹಚ್ಚಿದ, ದುಡ್ಡು ಎಣಿಸಿಕೊಂಡು ಹೋದ. ಆಗಸ್ಟಿನಲ್ಲಿ ಮಳೆ ಹಿಡಿಯಿತು. ಮಣ್ಣು ಉಬ್ಬಿತು. ಬಿರುಕು ಪ್ರತಿ ವರ್ಷದಂತೆ ಮುಚ್ಚಿಕೊಳ್ಳಲು ನೋಡಿತು, ಆದರೆ ನಡುವೆ ಕಲ್ಲಿನಂಥ ಎಪಾಕ್ಸಿ ಕೂತಿತ್ತಲ್ಲ. ಅದು ಜಗ್ಗಲಿಲ್ಲ. ಅದರಿಂದ ಒಂದು ಗೇಣು ಆಚೆ ಗೋಡೆಯೇ ಹೊಸದಾಗಿ ಸೀಳಿತು. ಫೋನ್ ಮಾಡಿದೆ. 'ನಾವು ತುಂಬಿದ್ದು ಒಡದೈತೇನ್ ನೋಡ್ರಿ ಸರ' ಅಂದ. ನೋಡಿದೆ. ಒಡೆದಿರಲಿಲ್ಲ. ಅವನ ಖಾತ್ರಿಗೆ ಏನೂ ಕುಂದು ಬಂದಿರಲಿಲ್ಲ, ಕುಂದು ಬಂದದ್ದು ನನ್ನ ಗೋಡೆಗೆ!

ಎರಡು ವರ್ಷದ ನಂತರ ಪಡಸಾಲೆಯ ಬೀಮಿನ ನಡು ಭಾಗದಲ್ಲಿ ಮೂರು ಗೆರೆ ಕಂಡವು. ಈ ಸಲ ಬುದ್ಧಿ ಬಂದಿತ್ತು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಗ ಸ್ಟ್ರಕ್ಚರಲ್ ಇಂಜಿನಿಯರ್. ಕರೆಸಿದೆ. ಎಪಾಕ್ಸಿ ಹಾಕಿಸಲೇನಮ್ಮ ಅಂದರೆ, 'ತುಂಬೋದು ಕಡೀ ಕೆಲಸ ರೀ ಸರ. ಮೊದಲ ಸೀಳು ಸತ್ತೈತೋ, ಇನ್ನೂ ಜೀವ ಐತೋ ನೋಡೋಣು' ಅಂದಳು. ಜೀವ ಇರುವ ಬಿರುಕು ಅಂದರೆ ಇನ್ನೂ ಅಲುಗಾಡುತ್ತಿರುವುದು. ಅದಕ್ಕೆ ಎಪಾಕ್ಸಿ ತುಂಬಿದರೆ ನಮ್ಮ ಹಿಂದಿನ ಕೋಣೆಯ ಕತೆಯೇ. ಕಾರಣ ಮುಗಿದು, ಚಲನೆ ನಿಂತು, ಸುಮ್ನೆ ಬಿದ್ದಿರುವ ಬಿರುಕಿಗೆ ಮಾತ್ರ ಅದು ಮದ್ದು.

ನೋಡುವುದು ಹೇಗೆ? ಅವಳು ತೋರಿಸಿದ್ದು ಹತ್ತು ರೂಪಾಯಿಯ ಉಪಾಯ. ಮೊದಲು ಗಿಲಾವು ಕೆತ್ತಿಸಿದಳು, ಯಾಕೆಂದರೆ ಎಷ್ಟೋ ಬಿರುಕು ಬರೀ ಗಿಲಾವಿನದೇ ಆಗಿರುತ್ತದಂತೆ. ನಮ್ಮದು ಒಳಗಿನ ಕಾಂಕ್ರೀಟಿನಲ್ಲೂ ಇತ್ತು. ಬಿರುಕಿನ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆದಳು. ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿ ಅಂಟಿಸಿದಳು. ಬಿರುಕು ಕದಲಿದರೆ ಗಾಜು ಒಡೆಯುತ್ತದೆ. ಹಿಂದಿನ ಕೋಣೆಯ ಗೋಡೆಗೂ ಒಂದು ಪಟ್ಟಿ ಹಚ್ಚಿದಳು. ಬೇರೆ ಬೇರೆ ದಪ್ಪದ ಗೆರೆಗಳಿರುವ ಪಾರದರ್ಶಕ ಕಾರ್ಡು ಇಟ್ಟು ಬೀಮಿನ ಬಿರುಕಿನ ಅಗಲ ಅಳೆದಳು: 0.4 ಮಿಲಿಮೀಟರ್. ಐಎಸ್ 456 ಅನ್ನುವ ನಮ್ಮ ದೇಶದ ಕಾಂಕ್ರೀಟ್ ಸಂಹಿತೆ ಸಾಮಾನ್ಯವಾಗಿ 0.3ರ ತನಕ ಒಪ್ಪುತ್ತದಂತೆ.

ಕಾರಣ ಮಾಳಿಗೆಯ ಮೇಲಿತ್ತು. ಮಗ ಹಳೇ ನೀರಿನ ಟ್ಯಾಂಕು ತೆಗೆದು ಎರಡು ಸಾವಿರ ಲೀಟರಿನದು ತಂದು, ಸರಿಯಾಗಿ ಆ ಬೀಮಿನ ನಡು ಮಧ್ಯಕ್ಕೆ ಇಡಿಸಿದ್ದ. ಎರಡು ಸಾವಿರ ಲೀಟರ್ ಅಂದರೆ ಎರಡು ಟನ್. ಏಳನೇ ಕ್ಲಾಸಿನ ಲೆಕ್ಕ, ಮಾಸ್ತರ ಮನೆಯಲ್ಲೇ ತಪ್ಪಿತು. ಟ್ಯಾಂಕನ್ನು ಕಾಲಂ ಇರುವ ಮೂಲೆಗೆ ಸರಿಸಿದೆವು. ಬೀಮಿನ ಕೆಳಗೆ ಕಬ್ಬಿಣದ ಆಧಾರ ಕೊಟ್ಟೆವು. ಆಮೇಲೆ ನಾಲ್ಕು ತಿಂಗಳು ಕಾದೆವು. ಗೋಡೆಯ ಗಾಜು ಜೂನಿನಲ್ಲೇ ಚಟ್ಟನೆ ಒಡೆಯಿತು. ಬೀಮಿನದು ಹಾಗೇ ಉಳಿಯಿತು. ಆಗ ಅವಳು ಹ್ಞೂಂ ಅಂದಳು.

ಇಲ್ಲೊಂದು ಲೆಕ್ಕ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಹಳೇ ಗುತ್ತಿಗೆದಾರ ಈ ಬೀಮಿಗೆ ಹತ್ತು ಕೆಜಿ ಎಪಾಕ್ಸಿ ಬೇಕು ಅಂದಿದ್ದ. ಬೀಮಿನ ಅಗಲ 23 ಸೆಂಟಿಮೀಟರ್. ಬಿರುಕು ಮೇಲೆ ಹತ್ತಿದ್ದು 30 ಸೆಂಟಿಮೀಟರ್. ದಪ್ಪ 0.04 ಸೆಂಟಿಮೀಟರ್. ಗುಣಿಸಿ ನೋಡಿ, ಒಂದು ಬಿರುಕಿಗೆ 28 ಮಿಲಿಲೀಟರೂ ಇಲ್ಲ. ಮೂರಕ್ಕೂ ಸೇರಿ ಒಂದು ಸಣ್ಣ ಗ್ಲಾಸು ಚಹಾದಷ್ಟು! ಪೈಪಿನಲ್ಲಿ, ಡಬ್ಬಿಯಲ್ಲಿ ಉಳಿಯುವುದನ್ನು ಸೇರಿಸಿದರೂ ಕಾಲು ಕೆಜಿ, ಮುನ್ನೂರು ಗ್ರಾಂ. ಉಳಿದ ಒಂಬತ್ತು ಮುಕ್ಕಾಲು ಕೆಜಿ ಎಲ್ಲಿಗೆ ಹೋಗುತ್ತಿತ್ತು ಅಂತ ನಾನು ಕೇಳಲಿಲ್ಲ. ಇದರಲ್ಲಿ ಮಾಲಿಗಿಂತ ಕೈಕೆಲಸದ ಖರ್ಚೇ ಜಾಸ್ತಿ. ಹಾಗಿರುವಾಗ ಕೆಜಿ ಲೆಕ್ಕದಲ್ಲಿ ರೇಟು ಹೇಳುವವರ ಜೊತೆ ಸ್ವಲ್ಪ ಹುಷಾರಾಗಿರಿ.

ಕೆಲಸಕ್ಕೆ ಇಂಡಿ ಕಡೆಯ ಹುಡುಗನೊಬ್ಬ ಬಂದ. ಅವನ ಕೈ ನೋಡುವುದೇ ಒಂದು ಖುಷಿ. ಮೊದಲ ದಿನ ಬಿರುಕಿನೊಳಗಿನ ಧೂಳನ್ನು ಗಾಳಿಯಿಂದ ಊದಿ ತೆಗೆದ. ನೀರು ಹಾಕಲಿಲ್ಲ, ಒಳಗೆ ಹಸಿ ಇದ್ದರೆ ಸಾಮಾನ್ಯ ಎಪಾಕ್ಸಿ ಸರಿಯಾಗಿ ಹಿಡಿಯುವುದಿಲ್ಲ. ಬಿರುಕಿನ ಮೇಲೆ ಗೇಣಿಗೊಂದರಂತೆ ಪ್ಲಾಸ್ಟಿಕ್ ನಿಪ್ಪಲ್, ಅಂದರೆ ಸಣ್ಣ ಕೊಳವೆ, ಕೂರಿಸಿದ. ನಡುವಿನ ಜಾಗಕ್ಕೆಲ್ಲ ಎಪಾಕ್ಸಿ ಪುಟ್ಟಿ ಮೆತ್ತಿ ಬಂದ್ ಮಾಡಿದ, ಬೀಮಿನ ಆಚೆ ಬದಿಗೂ.

ಮರುದಿನ ಬೆಳಿಗ್ಗೆ ಆರಕ್ಕೇ ಹಾಜರು. ಇಷ್ಟು ಬೇಗ ಯಾಕಪ್ಪಾ ಅಂದರೆ, 'ಬಿಸಲ ಏರಿದ್ರ ಮಾಲ ಡಬ್ಯಾಗ ಕಲ್ಲಾಗ್ತೈತ್ರಿ ಸರ' ಅಂದ. ರಾಳ ಒಂದು ಡಬ್ಬಿ, ಗಟ್ಟಿ ಮಾಡುವ ದ್ರವ ಇನ್ನೊಂದು. ಎರಡೂ ಸೇರಿದ ಕೂಡಲೇ ತಾವೇ ಕಾಯುತ್ತವೆ, ನಮ್ಮ ಊರಿನ ಧಗೆಯಲ್ಲಿ ಇನ್ನೂ ಬೇಗ. ಅಂದಾಜಿಗೆ ಸುರಿಯಲು ಹೋದ. ನಾನು ಅಡುಗೆಮನೆಯ ತೂಕದ ಯಂತ್ರ ತಂದಿಟ್ಟೆ. ನಮ್ಮ ಮನೆಯವರು ಆ ಯಂತ್ರವನ್ನು ಆಮೇಲೆ ಒಳಗೆ ಸೇರಿಸಲಿಲ್ಲ, ಅದು ಬೇರೆ ಮಾತು. ಅಳತೆ ತಪ್ಪಿದರೆ ಎಪಾಕ್ಸಿ ಕೊನೆಯವರೆಗೂ ಮೆತ್ತಗೇ ಉಳಿಯುತ್ತದೆ. ಡಬ್ಬಿಯ ಮೇಲೆ ತಯಾರಕರು ಬರೆದ ಅಳತೆಯನ್ನೇ ಹಿಡಿಯಬೇಕು. ಬರಿಗೈಯಲ್ಲಿ ಕಲಸುತ್ತಿದ್ದ, ಕೈಗವಸು ತರಿಸಿ ಕೊಟ್ಟೆ. ಆ ದ್ರವ ಚರ್ಮಕ್ಕೆ ಒಳ್ಳೆಯದಲ್ಲ.

ಹರಳೆಣ್ಣೆಗಿಂತ ತೆಳುವಾದ, ತಿಳಿ ಜೇನಿನ ಬಣ್ಣದ ರಸ. ಎಲ್ಲಕ್ಕಿಂತ ಕೆಳಗಿನ ನಿಪ್ಪಲಿಗೆ ಪೈಪು ಸಿಕ್ಕಿಸಿ ಕೈ ಪಂಪನ್ನು ಮೆಲ್ಲಗೆ ಒತ್ತಿದ. ಜೋರು ಮಾಡಲಿಲ್ಲ. ಒಂದು ನಿಮಿಷ ಏನೂ ಇಲ್ಲ. ಎರಡು ನಿಮಿಷ. ಆಮೇಲೆ ಮೇಲಿನ ನಿಪ್ಪಲಿನ ಬಾಯಲ್ಲಿ ಒಂದು ಹನಿ ಉಬ್ಬಿ ನಿಂತಿತು. ನಾನು ಸ್ಟೂಲಿನಿಂದ ಇಳಿದು ಆಚೆ ಬದಿಗೆ ಹೋಗಿ ನೋಡಿದೆ. ಅಲ್ಲಿಯೂ ಒಂದು ಹನಿ. ಕೂದಲಿನಂಥ ಸೀಳಿನಲ್ಲಿ ಇಡೀ ಬೀಮನ್ನು ದಾಟಿ ಬಂದಿತ್ತು. ಹನಿ ಬಂದ ಮೇಲೆ ಕೆಳಗಿನದಕ್ಕೆ ಬಿರಡೆ ಹಾಕಿ, ಮೇಲಿನದಕ್ಕೆ ಪೈಪು. ಹೀಗೆ ಕೆಳಗಿನಿಂದ ಮೇಲಕ್ಕೆ. ಮೇಲಿನಿಂದ ಸುರಿದರೆ ಒಳಗೆ ಗಾಳಿ ಸಿಕ್ಕಿಹಾಕಿಕೊಂಡು ಟೊಳ್ಳು ಉಳಿಯುತ್ತದಂತೆ. ಕೆಲಸ ಮುಗಿದಾಗ ಮಗ್ಗಿನಲ್ಲಿ ಉಳಿದಿದ್ದ ಎಪಾಕ್ಸಿ ಎಷ್ಟು ಕಾದಿತ್ತೆಂದರೆ ಪ್ಲಾಸ್ಟಿಕ್ ಮಗ್ಗೇ ಸೊಟ್ಟಗಾಗಿತ್ತು. ಆಧಾರವನ್ನು ಒಂದು ವಾರ ತೆಗೆಯಲಿಲ್ಲ. 'ಒಂದೇ ದಿನದಲ್ಲಿ' ಅನ್ನುವ ಚೀಟಿಗೆ ಇದನ್ನೂ ಸೇರಿಸಿಕೊಳ್ಳಿ.

ಮೂರನೆಯದು ಬಚ್ಚಲಿನ ಛಜ್ಜಾ. ಅಲ್ಲಿ ಬಿರುಕು ಸರಳಿನ ಗುಂಟ ನೇರವಾಗಿ ಓಡಿತ್ತು, ಕಂದು ಕಲೆ ಇಳಿದಿತ್ತು, ಸುತ್ತಿಗೆಯಿಂದ ತಟ್ಟಿದರೆ ಟೊಳ್ಳು ಸದ್ದು. ಒಳಗಿನ ಕಬ್ಬಿಣ ತುಕ್ಕು ಹಿಡಿದು ಊದಿ ಕಾಂಕ್ರೀಟನ್ನು ಒಡೆದಿತ್ತು. ಅಲ್ಲಿ ಎಪಾಕ್ಸಿ ತುಂಬುವುದು ಕೀವು ತೆಗೆಯದೆ ಪಟ್ಟಿ ಕಟ್ಟಿದ ಹಾಗೆ. ಒಡೆದು, ತುಕ್ಕು ಉಜ್ಜಿ, ಸವೆದ ಕಡೆ ಹೊಸ ಸರಳು ಕಟ್ಟಿ, ಮತ್ತೆ ಗಾರೆ ಹಾಕಿಸಬೇಕಾಯಿತು. ಹಿಂದಿನ ಗೋಡೆಗೆ? ಸುತ್ತ ನಾಲ್ಕು ಫೂಟು ಅಗಲದ ಕಾಂಕ್ರೀಟ್ ಹಾಸು ಹಾಕಿಸಿ, ಬಚ್ಚಲ ನೀರು ಪಾಯದ ಹತ್ತಿರ ಇಂಗದಂತೆ ದೂರ ಬಿಟ್ಟೆವು. ಬಿರುಕಿಗೆ ರಬ್ಬರಿನಂತೆ ಹಿಗ್ಗುವ ಸೀಲಂಟ್ ತುಂಬಿದೆವು. ಗೋಡೆ ಪಕ್ಕದ ಬೇವಿನ ಗಿಡ ತೆಗೆಸಿ ಅಂತ ಇಂಜಿನಿಯರ್ ಹೇಳಿದ್ದಳು. ನಮ್ಮ ಮನೆಯವರು ಒಪ್ಪಲಿಲ್ಲ. ಗಿಡ ಇದೆ, ಬಿರುಕೂ ಸ್ವಲ್ಪ ಇದೆ.

ಈ ಮದ್ದು ನಮ್ಮ ಭಾಗಕ್ಕೆ ಹೊಸದೇನಲ್ಲ. 1967ರ ಡಿಸೆಂಬರ್ 11ರ ನಸುಕಿನಲ್ಲಿ ಮಹಾರಾಷ್ಟ್ರದ ಕೊಯ್ನಾ ಭೂಕಂಪ ಆದಾಗ ನಾನು ಎಂಟು ವರ್ಷದ ಹುಡುಗ. ಹಳ್ಳಿಯ ಮನೆಯಲ್ಲಿ ಅಡ್ಡಣಿಗೆಯ ಮೇಲಿನ ತಾಮ್ರದ ಕೊಡ ಗಲಗಲ ಅಂದದ್ದು ನೆನಪಿದೆ. ಆ ದಿನ ಬಿರುಕು ಬಿಟ್ಟ ಕೊಯ್ನಾ ಅಣೆಕಟ್ಟೆಗೆ ತುಂಬಿದ್ದೂ ಎಪಾಕ್ಸಿಯೇ. ಆದರೆ ಅವರು ಅಷ್ಟಕ್ಕೇ ನಿಲ್ಲಿಸಲಿಲ್ಲ. ಎತ್ತರದ ಭಾಗಗಳನ್ನು ಉಕ್ಕಿನ ಕೇಬಲ್‌ಗಳಿಂದ ಬಿಗಿದರು, ಆಮೇಲೆ ಹಿಂಬದಿಗೆ ಕಾಂಕ್ರೀಟಿನ ಆನಿಕೆಯನ್ನೂ ಕಟ್ಟಿದರು. ಕಟ್ಟೆ ಇವತ್ತಿಗೂ ನಿಂತಿದೆ, ಅಲ್ಲಿಂದ ಹೊಳೆಗೆ ಬಿಟ್ಟ ನೀರು ಕೃಷ್ಣೆಗೆ ಸೇರಿ ನಮ್ಮ ಆಲಮಟ್ಟಿಗೇ ಬರುತ್ತದೆ.

ಇಷ್ಟೆಲ್ಲ ಮನೆ ಪುರಾಣ ಬರೆಯುವುದಕ್ಕೆ ಇನ್ನೊಂದು ಕಾರಣ ಇದೆ. ನಾನು ಕೆಲಸ ಮಾಡಿದ ಒಂದು ಶಾಲೆಯ ವರಾಂಡದ ಬೀಮಿನಲ್ಲಿ ಬಿರುಕಿತ್ತು. ಪ್ರತಿ ವರ್ಷ ತಪಾಸಣೆಗೆ ಮುಂಚೆ ಪುಟ್ಟಿ ಬಳಿದು ಬಣ್ಣ ಹಚ್ಚುತ್ತಿದ್ದರು. ದೀಪಾವಳಿಯ ಹೊತ್ತಿಗೆ ಅದೇ ಗೆರೆ ಅದೇ ಜಾಗದಲ್ಲಿ. ಮಕ್ಕಳು ಅದರ ಕೆಳಗೇ ಊಟಕ್ಕೆ ಕೂರುತ್ತಿದ್ದರು. ನಾನೂ ದಿನಾ ನೋಡಿದೆ, ಒಂದು ಪೆನ್ಸಿಲ್ ಗೆರೆ ಎಳೆಯಲು ತೋಚಲಿಲ್ಲ. ಆಗ ಗೊತ್ತಿರಲಿಲ್ಲ ಅಂತ ಸಮಾಧಾನ ಮಾಡಿಕೊಳ್ಳುತ್ತೇನೆ, ಆದರೆ ಯಾರನ್ನೂ ಕೇಳಲೂ ಇಲ್ಲ ಅಲ್ವಾ?

ಸಂಬಂಧಪಟ್ಟವರಲ್ಲಿ ನನ್ನ ಕೋರಿಕೆ ಇಷ್ಟೇ. ಶಾಲೆ, ಅಂಗನವಾಡಿ, ನೀರಿನ ಟ್ಯಾಂಕು, ಯಾವುದೇ ಸರ್ಕಾರಿ ಕಟ್ಟಡದ ಬಿರುಕು ರಿಪೇರಿಯ ಎಸ್ಟಿಮೇಟಿನಲ್ಲಿ 'ಬಿರುಕಿಗೆ ಕಾರಣ' ಅಂತ ಒಂದು ಸಾಲು ಕಡ್ಡಾಯ ಮಾಡಿ. ಆ ಸಾಲು ಖಾಲಿ ಇದ್ದರೆ ಬಿಲ್ಲು ಪಾಸ್ ಮಾಡಬೇಡಿ. ಎಪಾಕ್ಸಿ ತುಂಬಿದ ಕಡೆ ಒಳಗೆ ಹೋಗಿದೆಯೋ ಇಲ್ಲವೋ ಅಂತ ಒಂದೆರಡು ಸಣ್ಣ ಕೋರ್, ಅಂದರೆ ಕಾಂಕ್ರೀಟಿನ ತುಂಡು, ಕೊರೆದು ತೆಗೆದು ನೋಡಿ. ಕೊರೆಯದೆ ಶಬ್ದದ ಅಲೆ ಹಾಯಿಸಿ ನೋಡುವ ಅಲ್ಟ್ರಾಸಾನಿಕ್ ಪರೀಕ್ಷೆಯೂ ಇದೆ. ಕೊನೆಯ ಕಂತನ್ನು ಒಂದು ಮಳೆಗಾಲ ಕಳೆದ ಮೇಲೆ ಕೊಡಿ. ಗಾಜಿನ ಪಟ್ಟಿ ಅಂಟಿಸಿ ತಾರೀಖು ಬರೆಯುವುದನ್ನು ಒಂಬತ್ತನೇ ಕ್ಲಾಸಿನ ಮಕ್ಕಳೂ ಮಾಡುತ್ತಾರೆ, ನಾನೇ ಬಂದು ಹೇಳಿಕೊಡುತ್ತೇನೆ.

ಅಂದಹಾಗೆ, ಆ ಹಳದಿ ಚೀಟಿಯ ನಂಬರಿಗೆ ನಾನು ಫೋನ್ ಮಾಡಿದ್ದೆ. ಬೀಮೋ ಗೋಡೆಯೋ ಅಂತ ಕೇಳಲಿಲ್ಲ. ಎಷ್ಟು ದಿನದಿಂದ ಅಂತಲೂ ಕೇಳಲಿಲ್ಲ. 'ಎಷ್ಟ್ ಫೂಟ್ ಐತ್ರಿ?' ಅಂತ ಕೇಳಿದರು.

ಇಂತಿ,
ಒಬ್ಬ ನಿವೃತ್ತ ಲೆಕ್ಕದ ಮಾಸ್ತರ,
ವಿಜಯಪುರ