ನಿಮ್ಮ ಕೈಯಲ್ಲಿ ಏನಿದೆ, ಅದನ್ನು ಹೇಳಿ

ಮಾನ್ಯ ಸಂಪಾದಕರೇ,

ಹೋದ ವಾರ ಮಧ್ಯಾಹ್ನ ನನ್ನ ಅಂಗಡಿಗೆ ನಾಲ್ಕು ಜನ ಬಂದರು. ಫಾಲ್, ಗುಂಡಿ ಕೇಳಲು ಬಂದವರಲ್ಲ ಎಂದು ಹೆಗಲ ಮೇಲಿನ ಶಲ್ಯ ನೋಡಿದ ಕೂಡಲೇ ಗೊತ್ತಾಯಿತು. ನಡುವೆ ಇದ್ದವರು ಪಾಲಿಕೆ ಚುನಾವಣೆಗೆ ನಮ್ಮ ವಾರ್ಡಿನ ಟಿಕೆಟ್ ಆಕಾಂಕ್ಷಿ. 'ಅಮ್ಮಾ, ಆಶೀರ್ವಾದ ಇರಲಿ' ಎಂದು ಕರಪತ್ರ ಕೊಟ್ಟರು. ಫೋಟೊ ದೊಡ್ಡದು, ಮಾತು ಮೂರೇ ಸಾಲು. ಮನೆ ಕಂದಾಯ ಇಳಿಸುತ್ತೇವೆ. ಹಿರಿಯರನ್ನು ನೋಡಿಕೊಳ್ಳುತ್ತೇವೆ. ಸಣ್ಣ ವ್ಯಾಪಾರಿಗಳ ಜೊತೆ ನಿಲ್ಲುತ್ತೇವೆ.

ನನಗೆ 67 ವರ್ಷ. ಹನುಮಂತನಗರದಲ್ಲಿ ಸ್ವಂತ ಮನೆ ಇದೆ, ಕೆಳಗೇ ಒಂದು ಪುಟ್ಟ ಮ್ಯಾಚಿಂಗ್ ಸೆಂಟರ್. ಮೂರು ಸಾಲೂ ನನಗೇ ಬರೆದ ಹಾಗಿತ್ತು. ಅದಕ್ಕೇ ಎರಡು ಸಲ ಓದಿದೆ. ಓದಿದ ಮೇಲೆ ಪ್ರಶ್ನೆಗಳೇ ಜಾಸ್ತಿಯಾದವು.

ಅವರನ್ನು ಪೂರ್ತಿ ದೂರುವ ಹಾಗೂ ಇಲ್ಲ. ಬೆಂಗಳೂರಿನಲ್ಲಿ ನಾವು ಕಾರ್ಪೊರೇಟರ್ ಆರಿಸಲು ವೋಟು ಹಾಕಿದ್ದು 2015ರ ಆಗಸ್ಟ್‌ನಲ್ಲಿ. ಆ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಆಮೇಲೆ ಅಧಿಕಾರಿಗಳದ್ದೇ ಆಡಳಿತ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು. ಕಾರ್ಪೊರೇಟರ್ ಅಂದರೆ ಏನು ಮಾಡುವವರು ಎನ್ನುವುದೇ ಅವರಿಗೂ ಮರೆತಿದೆ, ನಮಗೂ ಮರೆತಿದೆ.

ಕಂದಾಯದ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ಏಪ್ರಿಲ್‌ನಲ್ಲಿ ಪೂರ್ತಿ ಕಟ್ಟಿದರೆ ಶೇ 5 ರಿಯಾಯಿತಿ ಸಿಗುತ್ತದೆ, ನಾನು ತಪ್ಪಿಸುವುದಿಲ್ಲ. ನಮ್ಮಲ್ಲಿ 2008ರಿಂದ ಏರಿಯಾಕ್ಕೊಂದು ದರ ಹಾಕಿ ನಾವೇ ಲೆಕ್ಕ ಮಾಡಿ ಕಟ್ಟುವ ಪದ್ಧತಿ ಇದೆ. ಅದರಲ್ಲಿ ಬಾಡಿಗೆಗೆ ಕೊಟ್ಟ ಮನೆಗೆ, ನಾವೇ ಇರುವ ಮನೆಯ ಎರಡರಷ್ಟು ದರ. ಮಹಡಿ ಬಾಡಿಗೆಯಲ್ಲೇ ಔಷಧಿ, ಹಾಲು, ಕರೆಂಟ್ ಬಿಲ್ ನೋಡಿಕೊಳ್ಳುವ ವಯಸ್ಸಾದವರು ನಮ್ಮ ಬೀದಿಯಲ್ಲೇ ಎಷ್ಟೋ ಮಂದಿ ಇದ್ದಾರೆ. ಹತ್ತು ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟವರಿಗೂ ಇವರಿಗೂ ಒಂದೇ ದರ. ಕಂದಾಯ ಇಳಿಸುವುದೇ ಆದರೆ ಯಾರಿಗೆ ಇಳಿಸುತ್ತೀರಿ? ಎಲ್ಲರಿಗೂ ಇಳಿಸಿದರೆ ದೊಡ್ಡ ಕಟ್ಟಡದವರಿಗೇ ದೊಡ್ಡ ಲಾಭ, ಅಲ್ವಾ? ಒಂದು ಮನೆ, ಒಂದು ಬಾಡಿಗೆ ಭಾಗ, ಬೇರೆ ವರಮಾನ ಇಲ್ಲದ ಹಿರಿಯರು ಎಂದು ಗೆರೆ ಎಳೆದು ಹೇಳಿದ್ದರೆ ನಾನೇ ಕರೆದು ಕಾಫಿ ಕೊಡುತ್ತಿದ್ದೆ. ದರ ಇಳಿಸುವುದು ಒಬ್ಬ ಸದಸ್ಯರ ಕೈಯಲ್ಲಿ ಇಲ್ಲ. ಕಾಯ್ದೆಯ ಮಿತಿ ಇದೆ, ಪಾಲಿಕೆ ಸಭೆ ಒಪ್ಪಬೇಕು. ಸಭೆಯಲ್ಲಿ ಎದ್ದು ಏನು ಕೇಳುತ್ತೀರಿ, ಅಷ್ಟನ್ನು ಹೇಳಿದರೂ ಸಾಕು.

2025ರ ಏಪ್ರಿಲ್‌ನಿಂದ ಕಂದಾಯದ ಜೊತೆಗೆ ಕಸದ ಶುಲ್ಕವೂ ಸೇರಿದೆ. 600 ಚದರ ಅಡಿವರೆಗಿನ ಮನೆಗೆ ತಿಂಗಳಿಗೆ 10 ರೂಪಾಯಿ, ಸಾವಿರ ದಾಟಿ 2000 ಚದರ ಅಡಿವರೆಗಿನ ಮನೆಗೆ 100. ಅಂದರೆ ವರ್ಷಕ್ಕೆ 1200. ಬಡ ಹಿರಿಯರಿಗೆ ಸರ್ಕಾರ ಕೊಡುವ ಸಂಧ್ಯಾ ಸುರಕ್ಷಾ ಪಿಂಚಣಿಯೂ ತಿಂಗಳಿಗೆ 1200 ರೂಪಾಯಿಯೇ. ಕಸಕ್ಕೆ ದುಡ್ಡು ಕೊಡಲು ನನ್ನದೇನೂ ತಕರಾರಿಲ್ಲ. ಆದರೆ ಆಟೊ ಬಾರದ ದಿನದ ಲೆಕ್ಕವನ್ನು ಯಾರು ಇಡುತ್ತಾರೆ?

ಇನ್ನೊಂದು ಚಿಕ್ಕ ವಿಷಯ, ಯಾರೂ ಎತ್ತುವುದಿಲ್ಲ. ಕಂದಾಯದ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತೇವೆ. ಭಿಕ್ಷುಕರ ಕರ ಶೇ 3 ಬೇರೆ. ಬೆಳಿಗ್ಗೆ ಪೇಪರ್ ಓದಲು ಹೋಗುವ ಮುದುಕರಿಗೆ ಲೈಬ್ರರಿಯೇ ಕ್ಲಬ್ಬು. ಅಲ್ಲಿ ಒಂದು ಫ್ಯಾನ್, ನಾಲ್ಕು ಗಟ್ಟಿ ಕುರ್ಚಿ ಇದ್ದರೆ ಅರ್ಧ ದಿನ ನೆಮ್ಮದಿ. ಲೈಬ್ರರಿ ನಡೆಸುವುದು ಪಾಲಿಕೆ ಅಲ್ಲ, ನಿಜ. ಆದರೆ ಕರ ವಸೂಲು ಮಾಡುವುದು ಪಾಲಿಕೆ. ವಸೂಲಾದ ದುಡ್ಡು ಹೊತ್ತಿಗೆ ಸರಿಯಾಗಿ ಅವರಿಗೆ ತಲುಪಿತೇ ಎಂದು ಕೇಳುವುದು ಕಾರ್ಪೊರೇಟರ್ ಕೆಲಸವೇ.

ಹಿರಿಯರನ್ನು ಹೇಗೆ ನೋಡಿಕೊಳ್ಳುತ್ತೀರಿ ಎಂದು ಅವರನ್ನೇ ಕೇಳಿದೆ. 'ಪಿಂಚಣಿ ಜಾಸ್ತಿ ಮಾಡಿಸ್ತೀವಿ ಅಮ್ಮಾ' ಅಂದರು. ಪಿಂಚಣಿ ರಾಜ್ಯ ಸರ್ಕಾರದ್ದು. ಬಸ್ಸಿನಲ್ಲಿ ಹಿರಿಯರಿಗೆ ಕೊಡುವ ಶೇ 25 ರಿಯಾಯಿತಿ ಸಾರಿಗೆ ಸಂಸ್ಥೆಯದು. ಪಾಲಿಕೆಯ ಕೈಯಲ್ಲಿ ಇರುವುದು ಫುಟ್‌ಪಾತು. ನಮ್ಮಕ್ಕನಿಗೆ 74 ವರ್ಷ. ಮೊನ್ನೆ ದೀಪಾವಳಿ ಮುಂಚೆ ಅಲುಗಾಡುವ ಚಪ್ಪಡಿ ಮೇಲೆ ಕಾಲಿಟ್ಟು ಬಿದ್ದಳು, ಮಣಿಕಟ್ಟು ಮುರಿಯಿತು. ಕಟ್ಟು ಬಿಚ್ಚಿದ ಮೇಲೂ ಒಬ್ಬಳೇ ದೇವಸ್ಥಾನಕ್ಕೆ ಹೋಗುವುದನ್ನು ನಿಲ್ಲಿಸಿಬಿಟ್ಟಿದ್ದಾಳೆ. ಅವಳಿಗೆ ಪಿಂಚಣಿಗಿಂತ ಮೊದಲು ಆ ಚಪ್ಪಡಿ ಸರಿಯಾಗಬೇಕು. ಶೌಚಾಲಯದ ಮಾತನ್ನೂ ಹೇಳಿಬಿಡುತ್ತೇನೆ, ನಾಚಿಕೆ ಏನಿಲ್ಲ. ನನಗೆ ಮನೆ ಮೇಲೇ ಇದೆ. ಎದುರು ಸಾಲಿನ ಟೈಲರ್ ಅಂಗಡಿ ಹೆಂಗಸರಿಗೆ ಇಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ನೀರು ಕುಡಿಯುವುದನ್ನೇ ಕಡಿಮೆ ಮಾಡಿಕೊಂಡಿದ್ದಾರೆ. ಹಿರಿಯರು, ವ್ಯಾಪಾರಿಗಳು ಎಂದು ಎರಡು ಸಾಲು ಬರೆದವರು ಎರಡೂ ಕಡೆಯವರಿಗೆ ಬೇಕಾದ ಈ ಒಂದನ್ನು ಬರೆಯಲಿಲ್ಲ.

ವ್ಯಾಪಾರದ ವಿಷಯಕ್ಕೆ ಬಂದಾಗ ಜೊತೆಯಲ್ಲಿದ್ದವರು 'ಜಿಎಸ್‌ಟಿ ಕಾಟ ತಪ್ಪಿಸ್ತೀವಿ' ಎಂದರು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ಅಂಗಡಿಗಳಿಗೆ ನೋಟಿಸ್ ಬಂದಾಗ ನಮ್ಮ ರಸ್ತೆಯಲ್ಲೂ ಕ್ಯೂಆರ್ ಚೀಟಿ ಕಿತ್ತವರಿದ್ದರು. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಆಗಬೇಕು. ನನ್ನ ಗುಂಡಿ, ದಾರ ಅದರ ಹತ್ತಿರಕ್ಕೂ ಹೋಗುವುದಿಲ್ಲ, ಆದರೂ ಎರಡು ದಿನ ನಿದ್ದೆ ಬರಲಿಲ್ಲ. ಸರಿ, ಅದು ಪಾಲಿಕೆಗೆ ಸಂಬಂಧವೇ ಇಲ್ಲದ್ದು. ಪಾಲಿಕೆ ಕೊಡುವುದು ಟ್ರೇಡ್ ಲೈಸೆನ್ಸ್. ಅದರ ಬಗ್ಗೆ ಕರಪತ್ರದಲ್ಲಿ ಒಂದಕ್ಷರ ಇಲ್ಲ. ನವೀಕರಣಕ್ಕೆ ನಾನು ಸೈಬರ್ ಸೆಂಟರ್ ಹುಡುಗನಿಗೆ ದುಡ್ಡು ಕೊಟ್ಟು ಮಾಡಿಸುತ್ತೇನೆ. ವಾರ್ಡ್ ಕಚೇರಿಯಲ್ಲೇ ಒಬ್ಬರು ಕುಳಿತು ಮಾಡಿಕೊಟ್ಟರೆ ಅದೇ ನೆರವು.

ಹೊರಡುವಾಗ ಮೆಲ್ಲಗೆ ಒಂದು ಮಾತು ಹೇಳಿದರು. 'ಅಂಗಡಿ ಮುಂದಿನ ಹೂವಿನವಳನ್ನ ಎಬ್ಬಿಸ್ತೀವಿ, ನಿಮಗೆ ಜಾಗ ಆಗುತ್ತೆ.' ನನಗೆ ಸಿಟ್ಟು ಬಂತು. ಆಕೆಯೂ ಸಣ್ಣ ವ್ಯಾಪಾರಿಯೇ ತಾನೇ? ಹೂವಿಗೆ ಬಂದವರು ನನ್ನ ಹತ್ತಿರ ಪಿನ್ನು ಕೊಳ್ಳುತ್ತಾರೆ. ಬೀದಿ ವ್ಯಾಪಾರಿಗಳಿಗೆ 2014ರಲ್ಲೇ ಕಾಯ್ದೆ ಆಗಿದೆ. ಯಾರು ಎಲ್ಲಿ ಕೂರಬೇಕು ಎಂದು ನೋಡುವ ಸಮಿತಿಯಲ್ಲಿ ಶೇ 40ರಷ್ಟು ಜನ ಅವರೇ ಇರಬೇಕು. ಸುಮ್ನೆ ಎಬ್ಬಿಸುವ ಹಾಗಿಲ್ಲ. ಹಾಗೆ ನೋಡಿದರೆ ನನ್ನ ಬೋರ್ಡೇ ಒಂದಡಿ ಹೊರಗಿತ್ತು. ಅಕ್ಕ ಬಿದ್ದ ಮೇಲೆ ಒಳಗೆ ಎಳೆದುಕೊಂಡೆ.

ವಾರ್ಡ್ ಸಮಿತಿ ತಿಂಗಳಿಗೊಮ್ಮೆ ಸೇರಬೇಕು. ಗೆದ್ದರೆ ಆ ಸಭೆಯನ್ನು ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ ಇಡಿ, ನಮಗೆ ಗಿರಾಕಿ ಇಲ್ಲದ ಹೊತ್ತು ಅದು. ವಾರ್ಡಿಗೆ ಎಷ್ಟು ದುಡ್ಡು ಬಂತು, ಎಲ್ಲಿ ಖರ್ಚಾಯಿತು ಎಂದು ಕನ್ನಡದಲ್ಲಿ ಒಂದು ಹಾಳೆ ಗೋಡೆಗೆ ಅಂಟಿಸಿ.

ಈ ಪ್ರಶ್ನೆಗಳನ್ನೆಲ್ಲ ಅವರ ಕರಪತ್ರದ ಹಿಂದೆಯೇ ಬರೆದು ಗಲ್ಲಾ ಪೆಟ್ಟಿಗೆ ಪಕ್ಕ ಇಟ್ಟಿದ್ದೇನೆ. ಬೇರೆ ಪಕ್ಷದವರು ಬಂದರೂ ಅದೇ ಹಾಳೆ ತೋರಿಸುತ್ತೇನೆ. ಭಾನುವಾರ ರಜೆ.

ಇಂತಿ,
ಒಬ್ಬ ಅಂಗಡಿಯಾಕೆ,
ಹನುಮಂತನಗರ, ಬೆಂಗಳೂರು